ಮಾತು ಮೊದಲು, ಮದ್ದು ಆಮೇಲೆ

ಚಿರಂಜೀವಿ ಸುಮನಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಬೊಜ್ಜಿನ ಚಿಕಿತ್ಸೆಯಲ್ಲಿ ವೈದ್ಯರಿಗೂ ದಾದಿಯರಿಗೂ ಆಹಾರತಜ್ಞರಿಗೂ ತರಬೇತಿ ಕೊಡುವ ಹೊಣೆ ನಿನಗೆ ಬಂದಿರುವುದನ್ನು ತಿಳಿದು ಸಂತೋಷವಾಯಿತು. ನೀನು ಕಳುಹಿಸಿದ ಪಾಠಕ್ರಮದ ಕರಡನ್ನು ಎರಡು ಬಾರಿ ಓದಿದೆ. ಔಷಧಗಳಿಗೆ, ಶಸ್ತ್ರಚಿಕಿತ್ಸೆಗೆ, ಕ್ಯಾಲೊರಿಯ ಲೆಕ್ಕಕ್ಕೆ ಬೇಕಾದಷ್ಟು ಸಮಯವಿದೆ. ರೋಗಿಯೊಡನೆ ಮಾತನಾಡುವುದನ್ನು ಕಲಿಸಲು ಮಾತ್ರ ಕೊನೆಯ ದಿನದ ಅರ್ಧ ಗಂಟೆ ಉಳಿದಿದೆ. ಅದನ್ನು ಮೊದಲ ದಿನಕ್ಕೆ ತಂದು, ಅರ್ಧ ದಿನವನ್ನಾದರೂ ಕೊಡು ಎಂದು ಕೇಳಲೆಂದೇ ಈ ಪತ್ರ.

ವೃತ್ತಿಯ ಆರಂಭದ ವರ್ಷಗಳಲ್ಲಿ, ಮಂಡಿನೋವೆಂದು ಬಂದ ಒಬ್ಬ ಹೆಂಗಸಿನ ಕಾಲನ್ನು ಮುಟ್ಟಿಯೂ ನೋಡದೆ, "ಮೊದಲು ತೂಕ ಇಳಿಸಿಕೊಂಡು ಬನ್ನಿ" ಎಂದು ನಾನು ಕಳುಹಿಸಿಬಿಟ್ಟಿದ್ದೆ. ಅವರು ಮತ್ತೆ ಬಂದದ್ದು ನಾಲ್ಕು ವರ್ಷಗಳ ನಂತರ, ಹತೋಟಿಯಿಲ್ಲದ ಮಧುಮೇಹದಿಂದ ಪಾದದಲ್ಲಿ ಹುಣ್ಣಾದಾಗ. ಇಷ್ಟು ತಡವೇಕೆ ಮಾಡಿದಿರಿ ಎಂದು ಕೇಳಿದಾಗ, ತೂಕದ ಯಂತ್ರದ ಮೇಲೆ ನಿಂತು ಮತ್ತೆ ಬೈಸಿಕೊಳ್ಳಲು ಧೈರ್ಯವಾಗಲಿಲ್ಲವೆಂದರು. ಆ ಉತ್ತರ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಬೊಜ್ಜು ಮನಸ್ಸಿನ ದೌರ್ಬಲ್ಯವೆಂಬ ನಂಬಿಕೆ ಶಿಬಿರಾರ್ಥಿಗಳಲ್ಲಿಯೂ ಇದ್ದೇ ಇರುತ್ತದೆ. ಅದನ್ನು ಉಪದೇಶದಿಂದ ಕಳೆಯಲಾಗದು, ಶರೀರಶಾಸ್ತ್ರದಿಂದ ಕಳೆಯಬಹುದು. 1994ರಲ್ಲಿ, ಕೊಬ್ಬಿನ ಕೋಶಗಳಿಂದ ಬಂದು ಹಸಿವನ್ನು ತಗ್ಗಿಸುವ ಲೆಪ್ಟಿನ್ ಎಂಬ ಹಾರ್ಮೋನು ಪತ್ತೆಯಾದಲ್ಲಿಂದ ಪಾಠವನ್ನು ಆರಂಭಿಸು. ಆಹಾರ ಕಡಿಮೆಮಾಡಿ ತೂಕ ಇಳಿಸಿದಾಗ ಲೆಪ್ಟಿನ್ ತಗ್ಗುತ್ತದೆ, ಹಸಿವನ್ನು ಕೆರಳಿಸುವ ಗ್ರೆಲಿನ್ ಏರುತ್ತದೆ, ದೇಹ ಖರ್ಚುಮಾಡುವ ಶಕ್ತಿಯೂ ಕುಗ್ಗುತ್ತದೆ. ಹಾರ್ಮೋನುಗಳ ಈ ಏರಿಳಿತ ಒಂದು ವರ್ಷದ ನಂತರವೂ ಸರಿಹೋಗಿರುವುದಿಲ್ಲವೆಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ತೂಕ ಇಳಿಸುವ ಔಷಧವಾದ ಸೆಮಾಗ್ಲುಟೈಡ್‌ನ ಪ್ರಯೋಗದಲ್ಲಿ 68 ವಾರಗಳಲ್ಲಿ ಸರಾಸರಿ ಶೇಕಡ 15ರಷ್ಟು ತೂಕ ಇಳಿದಿತ್ತು. ಔಷಧ ನಿಲ್ಲಿಸಿದ ಒಂದು ವರ್ಷದೊಳಗೆ ಅದರ ಸುಮಾರು ಮೂರನೆಯ ಎರಡು ಭಾಗ ಮರಳಿ ಬಂದಿತು. ರಕ್ತದೊತ್ತಡದ ಮಾತ್ರೆ ಬಿಟ್ಟಾಗ ಒತ್ತಡ ಏರಿದರೆ ನಾವು ರೋಗಿಯನ್ನು ಸೋಮಾರಿಯೆನ್ನುವುದಿಲ್ಲವಲ್ಲ. ತೂಕ ಮರಳಿದಾಗಲೂ ಹಾಗೆಯೇ ಯೋಚಿಸಲು ಅವರಿಗೆ ಕಲಿಸು.

ಅನಂತರ ಅಭ್ಯಾಸ ಮಾಡಿಸು. "ನಿಮ್ಮ ತೂಕದ ವಿಷಯ ಈಗ ಮಾತನಾಡಬಹುದೇ?" ಎಂದು ಅನುಮತಿ ಕೇಳುವುದು, ಬೇಡವೆಂದರೆ ಬಂದ ತೊಂದರೆಯನ್ನೇ ಪೂರ್ತಿ ನೋಡಿ ಕಳುಹಿಸುವುದು, ಹಿಂದೆ ಏನೇನು ಪ್ರಯತ್ನಿಸಿದ್ದರೆಂದು ನಡುವೆ ಬಾಯಿ ಹಾಕದೆ ಕೇಳುವುದು, ಇವು ಓದಿ ಬರುವ ವಿದ್ಯೆಗಳಲ್ಲ. ಬೊಜ್ಜಿನೊಡನೆ ಬಾಳುತ್ತಿರುವವರನ್ನೇ ತರಗತಿಗೆ ಕರೆದು ಗೌರವಧನ ಕೊಟ್ಟು ಕೂರಿಸು. ತಪ್ಪು ಎಲ್ಲಾಯಿತೆಂದು ಅವರು ಹೇಳಿದರೆ ಅದು ನಾಟುತ್ತದೆ.

ಚಿಕಿತ್ಸಾ ಕೊಠಡಿಯೂ ಪಾಠದ ಭಾಗವಾಗಲಿ. ಕೈಯಿಲ್ಲದ ಅಗಲ ಕುರ್ಚಿ, ಮರೆಯಲ್ಲಿಟ್ಟ ತೂಕದ ಯಂತ್ರ, ದೊಡ್ಡ ಅಳತೆಯ ಬಿಪಿ ಪಟ್ಟಿ ಇವೆಯೇ ಎಂದು ಅವರೇ ಹೋಗಿ ನೋಡಿ ಬರಲಿ. ಚಿಕ್ಕ ಪಟ್ಟಿ ಕಟ್ಟಿದರೆ ರಕ್ತದೊತ್ತಡ ಇರುವುದಕ್ಕಿಂತ ಹೆಚ್ಚು ತೋರುತ್ತದೆ, ಬೇಡದ ಮಾತ್ರೆ ಶುರುವಾಗುತ್ತದೆ. ಇನ್ಸುಲಿನ್, ಸ್ಟೀರಾಯ್ಡ್, ಮನೋರೋಗಕ್ಕೆ ಕೊಡುವ ಓಲಾಂಜಪಿನ್, ಮೂರ್ಛೆರೋಗಕ್ಕೆ ಕೊಡುವ ವಾಲ್ಪ್ರೊಯೇಟ್ ಮುಂತಾದವು ತೂಕ ಏರಿಸುತ್ತವೆ. ನಾವೇ ಬರೆದುಕೊಟ್ಟ ಔಷಧದ ಚೀಟಿಯನ್ನು ಮೊದಲು ನೋಡದೆ ರೋಗಿಯ ತಟ್ಟೆಯನ್ನು ಪ್ರಶ್ನಿಸುವುದು ನನಗೆ ಅನ್ಯಾಯವೆನಿಸುತ್ತದೆ. ಎತ್ತರಕ್ಕೆ ತೂಕವನ್ನು ಹೋಲಿಸುವ ಬಿಎಂಐ ಲೆಕ್ಕ ಸ್ನಾಯುವನ್ನೂ ಕೊಬ್ಬನ್ನೂ ಬೇರ್ಪಡಿಸಿ ಹೇಳದು; ಸೊಂಟದ ಸುತ್ತಳತೆಯನ್ನೂ ತೆಗೆದುಕೊಳ್ಳಲಿ. ಶೇಕಡ 5ರಿಂದ 10ರಷ್ಟು ತೂಕ ಇಳಿದರೂ ಸಕ್ಕರೆ, ರಕ್ತದೊತ್ತಡಗಳು ಸುಧಾರಿಸುತ್ತವೆಯೆಂಬುದನ್ನು ರೋಗಿಗೆ ಭರವಸೆಯಾಗುವಂತೆ ಹೇಳಲು ಕಲಿಯಲಿ.

ಪರೀಕ್ಷೆಗೆ ನೀನು ಬರೆದಿರುವ ಐವತ್ತು ಪ್ರಶ್ನೆಗಳು ಇರಲಿ. ಆದರೆ ಮೂರು ತಿಂಗಳ ನಂತರ, ರೋಗಿಯ ಒಪ್ಪಿಗೆ ಪಡೆದು, ಪ್ರತಿಯೊಬ್ಬರೂ ಮಾತನಾಡುವ ರೀತಿಯನ್ನು ಪಕ್ಕದಲ್ಲಿ ಕುಳಿತು ನೋಡಲು ಯಾರನ್ನಾದರೂ ನೇಮಿಸು.

ತಿದ್ದಿದ ಕರಡನ್ನು ಕಳುಹಿಸು. ಮೊದಲ ದಿನದ ಅಭ್ಯಾಸಕ್ಕೆ ನಾನೂ ಬರುತ್ತೇನೆ. ಮಂಡಿನೋವಿನ ಆ ಹೆಂಗಸಿನ ಪಾತ್ರವನ್ನು ನನಗೇ ಕೊಡು.

ಇಂತಿ ನಿನ್ನ,
ದೊಡ್ಡಮ್ಮ