ಟಿ.ಸಿ. ಬದಲಿಸಿದರೆ ಸಾಲದು, ಅದರ ಲೋಡ್ ಅಳೆಯಿರಿ

ಮಾನ್ಯ ಸಂಪಾದಕರೇ,

ಟಿ.ಸಿ. (ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್) ಸುಟ್ಟು ವಾರ ಕಳೆದರೂ ಬದಲಿಸಿಲ್ಲ, ತೋಟ ಒಣಗುತ್ತಿದೆ ಎಂಬ ದೂರು ಬೇಸಿಗೆಯ ಉದ್ದಕ್ಕೂ ತಮ್ಮ ವಾಚಕರ ಅಂಕಣದಲ್ಲಿ ಕಾಣಿಸಿಕೊಳ್ಳುತ್ತದೆ. ದೂರಿನಲ್ಲಿ ಹುರುಳಿದೆ, ಏಪ್ರಿಲ್‌ನಲ್ಲಿ ಅಡಿಕೆಗೆ ನೀರು ತಪ್ಪಿದರೆ ಆ ಪೆಟ್ಟು ಮುಂದಿನ ಫಸಲಿಗೂ ತಟ್ಟುತ್ತದೆ. ಆದರೆ ಈ ಪತ್ರಗಳಲ್ಲಾಗಲಿ, ಅವಕ್ಕೆ ಅಧಿಕಾರಿಗಳು ಕೊಡುವ ಸ್ಪಷ್ಟೀಕರಣಗಳಲ್ಲಾಗಲಿ, ಅದು ಸುಟ್ಟಿದ್ದು ಏಕೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ರೈತರು ದೊಡ್ಡ ಟಿ.ಸಿ. ಕೇಳುತ್ತಾರೆ, ಅಧಿಕಾರಿಗಳು ಸ್ಟಾಕ್ ಇಲ್ಲ ಎನ್ನುತ್ತಾರೆ, ಅಲ್ಲಿಗೆ ಚರ್ಚೆ ಮುಗಿಯುತ್ತದೆ. ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ಹುಡುಗರಿಗೆ ಪಾಠ ಹೇಳಿ ನಿವೃತ್ತನಾದ ನನಗೆ, ಕಂಬದ ಮೇಲಿನ ಆ ಪೆಟ್ಟಿಗೆ ಒಳಗೆ ಏನು ಮಾಡುತ್ತದೆ ಎಂಬುದು ಎರಡೂ ಕಡೆಯವರಿಗೆ ಸ್ಪಷ್ಟವಾಗಿದ್ದರೆ ಜಗಳದ ಅರ್ಧಭಾಗ ತಾನಾಗಿಯೇ ಕಡಿಮೆಯಾದೀತು ಎನಿಸುತ್ತದೆ.

ಟ್ರಾನ್ಸ್‌ಫಾರ್ಮರ್ ವಿದ್ಯುತ್ತನ್ನು ಉತ್ಪಾದಿಸುವುದೂ ಇಲ್ಲ, ಕೂಡಿಡುವುದೂ ಇಲ್ಲ. ಅದರೊಳಗೆ ತಿರುಗುವ ಭಾಗವೊಂದೂ ಇಲ್ಲ. ಸಿಲಿಕಾನ್ ಬೆರೆಸಿದ ಉಕ್ಕಿನ, ಮಿಲಿಮೀಟರ್‌ನ ಕಾಲು ಭಾಗದಷ್ಟು ತೆಳುವಾದ ತಗಡುಗಳನ್ನು ಒಂದರ ಮೇಲೊಂದು ಜೋಡಿಸಿ ಮಾಡಿದ ಕೋರ್, ಅದರ ಪ್ರತಿ ಕಾಲಿಗೂ ಎರಡು ಬೇರೆ ಬೇರೆ ಕಾಯಿಲ್, ಇವೆಲ್ಲ ಮುಳುಗುವಷ್ಟು ಎಣ್ಣೆ, ಇಷ್ಟೇ ಅದರ ಸಂಸಾರ. ಒಂದು ಕಾಯಿಲ್‌ಗೂ ಇನ್ನೊಂದಕ್ಕೂ ತಂತಿಯ ಸಂಪರ್ಕವೇ ಇಲ್ಲ. 11 ಸಾವಿರ ವೋಲ್ಟ್‌ನ ಲೈನು ಹೊರಗಿನ ಕಾಯಿಲ್‌ಗೆ ಸೇರಿದಾಗ ಕೋರಿನಲ್ಲಿ ಸೆಕೆಂಡಿಗೆ 50 ಆವರ್ತ ಏರಿಳಿಯುವ ಕಾಂತಕ್ಷೇತ್ರ ಹುಟ್ಟುತ್ತದೆ, ಮತ್ತು ಹೀಗೆ ಬದಲಾಗುತ್ತಲೇ ಇರುವ ಕ್ಷೇತ್ರವು ಕೋರನ್ನು ಬಳಸಿರುವ ಪ್ರತಿಯೊಂದು ಸುತ್ತಿನಲ್ಲೂ, ಅದು ಯಾವ ಕಾಯಿಲ್‌ಗೆ ಸೇರಿದ್ದರೂ ಸರಿ, ಸಮಪ್ರಮಾಣದ ವೋಲ್ಟೇಜನ್ನು ಪ್ರೇರಿಸುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಬ್ಬಿಣದ ಉಂಗುರಕ್ಕೆ ಎರಡು ತಂತಿ ಸುತ್ತಿ ಕಂಡುಕೊಂಡದ್ದು ಇದನ್ನೇ. ಕ್ಷೇತ್ರ ಬದಲಾಗದಿದ್ದರೆ ಪ್ರೇರಣೆಯೂ ಇಲ್ಲ. ಆದ್ದರಿಂದಲೇ ಬ್ಯಾಟರಿಯ ನೇರ ವಿದ್ಯುತ್ತಿನಲ್ಲಿ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡದು.

ವೋಲ್ಟೇಜ್ ಬದಲಾಗುವ ಗುಟ್ಟು ಸುತ್ತುಗಳ ಲೆಕ್ಕದಲ್ಲಿದೆ. ನಮ್ಮ ಹಳ್ಳಿಯ ಟಿ.ಸಿ.ಯ ನಾಮಫಲಕದ ಮೇಲೆ 11,000/433 ಎಂದು ಬರೆದಿರುತ್ತದೆ. 433 ಎಂಬುದು ಎರಡು ಫೇಸ್‌ಗಳ (ವಿದ್ಯುತ್ ತರುವ ಮೂರು ತಂತಿಗಳಲ್ಲಿ ಎರಡರ) ನಡುವಿನ ವೋಲ್ಟೇಜ್. ಒಂದು ಫೇಸ್ ಮತ್ತು ನ್ಯೂಟ್ರಲ್ (ಕರೆಂಟು ಹಿಂದಿರುಗುವ ತಂತಿ) ನಡುವೆ ಅದು 250. ಹೊರಗಿನ ಕಾಯಿಲ್‌ಗೆ 11,000, ಒಳಗಿನದಕ್ಕೆ 250 ಎಂದರೆ ಸುತ್ತುಗಳ ಅನುಪಾತ 44ಕ್ಕೆ 1. ಒಳಗಿನ ಕಾಯಿಲ್‌ನಲ್ಲಿ 72 ಸುತ್ತುಗಳಿವೆ ಎಂದಿಟ್ಟುಕೊಂಡರೆ ಹೊರಗಿನದರಲ್ಲಿ 3,168 ಇರಬೇಕು. ಸುತ್ತೊಂದಕ್ಕೆ ಎರಡೂ ಕಡೆ ಸುಮಾರು ಮೂರೂವರೆ ವೋಲ್ಟ್. ಮನೆಗೆ ಬೇಕಾದದ್ದು 230 ಆಗಿರುವಾಗ 250 ಏಕೆ ಎಂದು ವಿದ್ಯಾರ್ಥಿಗಳು ಕೇಳುತ್ತಿದ್ದರು. ಲೋಡ್ ಬಿದ್ದಾಗ ಕಾಯಿಲ್‌ನೊಳಗೂ ಲೈನಿನಲ್ಲೂ ಸ್ವಲ್ಪ ವೋಲ್ಟೇಜ್ ಇಳಿಯುವುದು ಖಚಿತವಾದ್ದರಿಂದ ಆ ಇಳಿತಕ್ಕೆ ಮೊದಲೇ ಅವಕಾಶ ಇಟ್ಟಿರುತ್ತಾರೆ.

ವೋಲ್ಟೇಜ್ 44 ಪಾಲು ಇಳಿಯಿತೆಂದರೆ ಕರೆಂಟು ಅಷ್ಟೇ ಪಾಲು ಏರಲೇಬೇಕು. 63 ಕೆ.ವಿ.ಎ. (ಕೆ.ವಿ.ಎ. ಎಂದರೆ ಟಿ.ಸಿ.ಯ ಸಾಮರ್ಥ್ಯದ ಅಳತೆ) ಟಿ.ಸಿ. ಪೂರ್ತಿ ಲೋಡ್‌ನಲ್ಲಿದ್ದಾಗ ಹೊರಗಿನ ಪ್ರತಿ ಕಾಯಿಲ್‌ನಲ್ಲಿ ಹರಿಯುವುದು ಸುಮಾರು 1.9 ಆಂಪಿಯರ್, ಒಳಗಿನ ಪ್ರತಿ ಕಾಯಿಲ್ ಕೆಳಗಿನ ಲೈನಿಗೆ ಕೊಡುವುದು 84 ಆಂಪಿಯರ್. ಹೊರಗಿನ ಕಾಯಿಲ್‌ಗೆ ತೆಳು ತಂತಿಯನ್ನೂ ಒಳಗಿನದಕ್ಕೆ ಪಟ್ಟಿಯಂಥ ದಪ್ಪ ವಾಹಕವನ್ನೂ ಸುತ್ತುವುದು ಇದಕ್ಕಾಗಿಯೇ.

ಇಲ್ಲಿ ಸ್ವಲ್ಪ ನಿಂತು ನೋಡಬೇಕಾದ ಸಂಗತಿಯೊಂದಿದೆ. ಕೆಳಗಿನ ಲೈನಿನಲ್ಲಿ ಯಾವ ಲೋಡೂ ಇಲ್ಲದಿದ್ದಾಗ ಹೊರಗಿನ ಕಾಯಿಲ್ ತನ್ನಲ್ಲೇ ಪ್ರೇರಿತವಾದ ಎದುರು ವೋಲ್ಟೇಜಿನಿಂದ ಲೈನನ್ನು ತಡೆದು ನಿಲ್ಲಿಸಿ, ಕೋರನ್ನು ಕಾಂತೀಕರಿಸಲು ಬೇಕಾದ ಅತ್ಯಲ್ಪ ಕರೆಂಟನ್ನಷ್ಟೇ ತೆಗೆದುಕೊಳ್ಳುತ್ತದೆ. ಕೆಳಗೊಂದು ಮೋಟಾರು ಚಾಲೂ ಆದೊಡನೆ ಒಳಗಿನ ಕಾಯಿಲ್‌ನ ಕರೆಂಟು ಕೋರಿನ ಕ್ಷೇತ್ರವನ್ನು ಕುಗ್ಗಿಸಲು ನೋಡುತ್ತದೆ. ಎದುರು ವೋಲ್ಟೇಜ್ ಕೂದಲೆಳೆಯಷ್ಟು ಕಡಿಮೆಯಾಗುತ್ತದೆ. ಆ ಕೊರತೆಯನ್ನು ತುಂಬಲು ಮೇಲಿನ ಲೈನಿನಿಂದ ಹೆಚ್ಚು ಕರೆಂಟು ತಾನಾಗಿ ಹರಿದುಬರುತ್ತದೆ. ಹತ್ತು ಮೋಟಾರಿಗೂ ಹೀಗೆಯೇ, ಇಪ್ಪತ್ತಕ್ಕೂ ಹೀಗೆಯೇ. ನಾಮಫಲಕದಲ್ಲಿರುವ 63 ಎಂಬ ಅಂಕಿ ಟಿ.ಸಿ. ತಾನೇ ಹಾಕಿಕೊಂಡ ಮಿತಿಯಲ್ಲ, ಅದು ತಾಳಬಲ್ಲ ಬಿಸಿಯ ಮಿತಿ. ಕೇಳಿದಷ್ಟನ್ನೂ ಕೊಡುವ ಈ ಯಂತ್ರಕ್ಕೆ ಇಲ್ಲ ಎನ್ನುವುದು ಗೊತ್ತಿಲ್ಲ. ಇಲ್ಲ ಎನ್ನಬೇಕಾದದ್ದು ಫ್ಯೂಸ್. ಫ್ಯೂಸ್ ಇರಬೇಕಾದ ಜಾಗದಲ್ಲಿ ಲೈನಿನದೇ ಅಲ್ಯೂಮಿನಿಯಂ ಎಳೆಯನ್ನು ಬಿಗಿದು ಸುತ್ತಿದರೆ ಆ ಬಾಯಿಯನ್ನೂ ಮುಚ್ಚಿದಂತಾಯಿತು.

ಕಾಯಿಲ್‌ನಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬ ನಿಯಮವನ್ನು ಹೊಲದ ಲೆಕ್ಕಕ್ಕೆ ಇಳಿಸಿ ನೋಡೋಣ. 5 ಎಚ್.ಪಿ. ಪಂಪ್‌ಸೆಟ್ ಸುಮಾರು 8 ಆಂಪಿಯರ್ ಎಳೆಯುತ್ತದೆ. ಹಾಗಾಗಿ 63 ಕೆ.ವಿ.ಎ. ಟಿ.ಸಿ.ಗೆ ಅಂಥ ಹತ್ತು ಪಂಪ್‌ಸೆಟ್ ಸರಿಹೋಗುತ್ತವೆ. ಕೊಳವೆಬಾವಿ ಆಳಕ್ಕೆ ಹೋದಂತೆ, ಕಡತದಲ್ಲಿ 5 ಎಚ್.ಪಿ. ಎಂದೇ ಉಳಿದ ಪಂಪ್‌ಸೆಟ್ ನೆಲದೊಳಗೆ ಏಳೂವರೆ ಎಚ್.ಪಿ. ಆಗಿರುತ್ತದೆ. (ಇದನ್ನು ರೈತರ ಕಳ್ಳತನ ಎನ್ನುವವರು ಒಮ್ಮೆ ಚನ್ನಗಿರಿ ಕಡೆಯ ಕೊಳವೆಬಾವಿಗಳ ಆಳ ನೋಡಿ ಬರಲಿ.) ಏಳೂವರೆಯದು ಸುಮಾರು 12 ಆಂಪಿಯರ್ ಎಳೆಯುವುದರಿಂದ ಅದೇ ಹತ್ತು ಪಂಪ್‌ಸೆಟ್‌ಗಳು ಈಗ 84ರ ಮಿತಿಯನ್ನು ಮೀರಿ 120 ಆಂಪಿಯರ್ ಎಳೆಯುತ್ತವೆ. ಮಿತಿಗೆ ಹೋಲಿಸಿದರೆ ಕರೆಂಟು ಒಂದೂವರೆ ಪಟ್ಟಿಗೂ ಕಡಿಮೆಯೇ, ಆದರೆ ಕಾಯಿಲ್‌ನ ಬಿಸಿ ಎರಡು ಪಟ್ಟಾಯಿತು. ಸಂಪರ್ಕಗಳ ಸಂಖ್ಯೆ ಹತ್ತೇ ಇರುವುದರಿಂದ ಕಚೇರಿಯ ದಾಖಲೆಯಲ್ಲಿ ಓವರ್‌ಲೋಡ್ ಕಾಣುವುದೇ ಇಲ್ಲ. 10 ಎಚ್.ಪಿ.ವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ನಮ್ಮಲ್ಲಿ ವಿದ್ಯುತ್ ಉಚಿತ, ಹೆಚ್ಚಿನವಕ್ಕೆ ಮೀಟರೂ ಇಲ್ಲ. ನಿಜವಾದ ಲೋಡ್ ಎಷ್ಟೆಂಬುದು ತಿಳಿಯುವ ದಾರಿ ಅಲ್ಲಿಗೆ ಮುಚ್ಚಿತು.

ಸುಟ್ಟ ಟಿ.ಸಿ.ಯ ಮುಚ್ಚಳ ತೆಗೆದಾಗ ಒಳಗೆ ಏನಿರುತ್ತದೆ ಎಂಬುದನ್ನು ರಿಪೇರಿ ಕೇಂದ್ರದಲ್ಲಿ ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದೆ. ಎಣ್ಣೆ ಹೊಸದರಲ್ಲಿ ತಿಳಿಯಾದ ಹಳದಿ. ಸುಟ್ಟದ್ದರಲ್ಲಿ ಅದು ಕಪ್ಪಾಗಿ, ಮೂಗಿಗೆ ಅಡರುವ ಕಮಟು ವಾಸನೆ ಹೊಡೆಯುತ್ತದೆ. ತಂತಿಗೆ ಸುತ್ತಿದ ಕಾಗದ ಹೊಸದರಲ್ಲಿ ಬಾಗುತ್ತದೆ, ಮಡಿಸಿದರೆ ಮಡಿಕೆಯಾಗಿ ನಿಲ್ಲುತ್ತದೆ. ಇಲ್ಲಿ ಕಂದುಬಣ್ಣಕ್ಕೆ ತಿರುಗಿ, ಬೆರಳಲ್ಲಿ ಹಿಡಿದರೆ ಪುಡಿಪುಡಿಯಾಗುತ್ತದೆ. ಕಾಗದ ಹೋದಲ್ಲಿ ಸುತ್ತಿಗೆ ಸುತ್ತು ತಗುಲಿ ಶಾರ್ಟ್ ಆಗಿ ಕಾಯಿಲ್ ಕರಗಿರುತ್ತದೆ. ಹಲವು ಸಲ ಮೂರು ಕಾಯಿಲ್‌ಗಳಲ್ಲಿ ಕೆಟ್ಟದ್ದು ಒಂದೇ ಆಗಿರುತ್ತದೆ, ಪಕ್ಕದ ಎರಡು ನೆಟ್ಟಗಿರುತ್ತವೆ. ಕಾಗದದ ಈ ನಿರೋಧನ, ತಾಳಿಕೆಯ ಮಿತಿ ದಾಟಿದ ಮೇಲೆ ಪ್ರತಿ 6 ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉಳಿದ ಆಯುಸ್ಸಿನ ಅರ್ಧವನ್ನು ಕಳೆದುಕೊಳ್ಳುತ್ತದೆ ಎಂಬುದು ಎಂಜಿನಿಯರುಗಳು ಒಪ್ಪಿಕೊಂಡಿರುವ ಲೆಕ್ಕ. ಟಿ.ಸಿ. ಒಂದು ದಿನ ಢಂ ಎಂದಿತು ಎಂದು ನಾವು ಹೇಳುತ್ತೇವೆ. ಅದು ಬೇಯತೊಡಗಿ ಬಹಳ ದಿನವಾಗಿರುತ್ತದೆ. ಎಣ್ಣೆ ಸೋರಿಯೋ ಕಳುವಾಗಿಯೋ ಮಟ್ಟ ಇಳಿದಿದ್ದರೆ ಈ ಬೇಗೆ ಇನ್ನೂ ಬೇಗ ಕೆಲಸ ಮುಗಿಸುತ್ತದೆ.

ಒಂದೇ ಕಾಯಿಲ್ ಸುಡುವುದೇಕೆಂದರೆ ಮೂರು ಫೇಸ್‌ಗಳ ಮೇಲಿನ ಹೊರೆ ಸಮನಾಗಿರುವುದಿಲ್ಲ. ಒಂದು ಫೇಸ್‌ನಲ್ಲಿ ವೋಲ್ಟೇಜ್ ಚೆನ್ನಾಗಿದೆ ಎಂದು ಎಲ್ಲರೂ ಅದಕ್ಕೇ ಬದಲಾಯಿಸಿಕೊಂಡರೆ, ಮೂರರ ಒಟ್ಟು ಮೊತ್ತ ಮಿತಿಯೊಳಗೇ ಇದ್ದರೂ ಆ ಒಂದು ಕಾಯಿಲ್ ಮಿತಿ ಮೀರಿರುತ್ತದೆ. ನ್ಯೂಟ್ರಲ್‌ನ ವಿಷಯವೂ ಇಲ್ಲಿಯದೇ. ಅದರ ಜೋಡಣೆ ಸಡಿಲಾಗಿ, ಅರ್ಥಿಂಗ್ ಗುಂಡಿ ಒಣಗಿದ್ದರೆ, ಹೊರೆ ಹೆಚ್ಚಿರುವ ಫೇಸ್‌ನಲ್ಲಿ ದೀಪ ಮಂಕಾಗಿ, ಹೊರೆ ಕಡಿಮೆಯಿರುವ ಫೇಸ್‌ನ ಮನೆಗಳಲ್ಲಿ ವೋಲ್ಟೇಜ್ 300 ದಾಟಿ ಟಿ.ವಿ., ಫ್ರಿಜ್ ಒಟ್ಟೊಟ್ಟಿಗೆ ಸುಡುತ್ತವೆ. ಟಿ.ಸಿ.ಯಿಂದ ಹೈವೋಲ್ಟೇಜ್ ಬಂತು ಎಂದು ಜನ ಬಯ್ಯುವ ಪ್ರಸಂಗಗಳಲ್ಲಿ ಟಿ.ಸಿ. ಎಷ್ಟೋ ಸಲ ನಿರಪರಾಧಿ.

ಇನ್ನು ಲೋ ವೋಲ್ಟೇಜ್‌ನ ಮಾತು. ಇದಕ್ಕೂ ದೊಡ್ಡ ಟಿ.ಸಿ.ಯೇ ಮದ್ದು ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಹಳ್ಳಿಗಳಲ್ಲಿ ಬಳಸುವ ತೆಳು ಲೈನಿಗೆ ಕಿಲೋಮೀಟರಿಗೆ ಸುಮಾರು 0.9 ಓಮ್ ರೋಧವಿರುತ್ತದೆ. ಟಿ.ಸಿ.ಯಿಂದ ಒಂದು ಕಿಲೋಮೀಟರ್ ಆಚೆ 60 ಆಂಪಿಯರ್ ಒಯ್ದರೆ ಪ್ರತಿ ಫೇಸ್‌ನಲ್ಲೂ 50 ವೋಲ್ಟ್‌ನಷ್ಟು ದಾರಿಯಲ್ಲೇ ಹೋಗುತ್ತದೆ. 250 ಹೊರಟದ್ದು 200 ತಲುಪುತ್ತದೆ. ಟಿ.ಸಿ. 63ರ ಬದಲು 100 ಕೆ.ವಿ.ಎ. ಆದರೂ ಲೈನಿನ ಈ ನಷ್ಟ ಹಾಗೆಯೇ ಉಳಿಯುತ್ತದೆ. ಅದೇ ಹೊರೆಯನ್ನು ಅದೇ ತಂತಿಯಲ್ಲಿ 11 ಕೆ.ವಿ.ಯಲ್ಲಿ (11 ಸಾವಿರ ವೋಲ್ಟ್‌ನಲ್ಲಿ) ಒಯ್ದರೆ ಕರೆಂಟು ಎರಡೂವರೆ ಆಂಪಿಯರ್‌ಗೂ ಕಡಿಮೆ, ದಾರಿಯಲ್ಲಿ ಕಳೆಯುವುದು ಎರಡು-ಮೂರು ವೋಲ್ಟ್. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಒಯ್ಯಲು ಸಾಧ್ಯವಾದದ್ದು ಟ್ರಾನ್ಸ್‌ಫಾರ್ಮರುಗಳಿಂದ ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿ, ಗಣಿಯ ಬಳಿ ಮತ್ತೆ ಇಳಿಸಿದ್ದರಿಂದ. ಶರಾವತಿಯಲ್ಲಿ 11 ಕೆ.ವಿ.ಯಲ್ಲಿ ಹುಟ್ಟುವ ವಿದ್ಯುತ್ತನ್ನು 220 ಕೆ.ವಿ.ಗೆ ಏರಿಸುವುದೂ ಇದೇ ಲೆಕ್ಕದ ಮೇಲೆ. ಆದ್ದರಿಂದ ಲೈನಿನ ತುದಿಯ ರೈತರು ಕೇಳಬೇಕಾದದ್ದು ದೊಡ್ಡ ಟಿ.ಸಿ.ಯನ್ನಲ್ಲ, ಹತ್ತಿರದ ಟಿ.ಸಿ.ಯನ್ನು: 11 ಕೆ.ವಿ. ಲೈನನ್ನು ಹೊಲದವರೆಗೆ ತಂದು, ಎರಡು-ಮೂರು ಪಂಪ್‌ಸೆಟ್‌ಗೊಂದರಂತೆ 25 ಕೆ.ವಿ.ಎ.ಯವನ್ನು ಕೂರಿಸಬೇಕು. ವೋಲ್ಟೇಜ್ ಇಳಿದಾಗ ಅದೇ ನೀರನ್ನು ಎತ್ತಲು ಮೋಟಾರು ಇನ್ನೂ ಹೆಚ್ಚು ಕರೆಂಟು ಎಳೆಯುತ್ತದೆ ಎಂಬುದನ್ನೂ ಮರೆಯಬಾರದು. ಲೋ ವೋಲ್ಟೇಜ್ ಮತ್ತು ಓವರ್‌ಲೋಡ್ ಒಂದನ್ನೊಂದು ಬೆಳೆಸುತ್ತವೆ.

ರೈತರ ಕೈಯಲ್ಲೇ ಇರುವ ಎರಡು ಕೆಲಸಗಳನ್ನು ಹೇಳುತ್ತೇನೆ. ಮೋಟಾರಿಗೆ ತಕ್ಕ ಕೆಪಾಸಿಟರ್ ಹಾಕಿಸಿದರೆ ಪವರ್ ಫ್ಯಾಕ್ಟರ್ (ಎಳೆದುಕೊಂಡದ್ದರಲ್ಲಿ ನಿಜವಾದ ಕೆಲಸಕ್ಕೆ ಒದಗುವ ಪಾಲು) 0.75ರ ಆಸುಪಾಸಿನಿಂದ 0.95ಕ್ಕೆ ಏರುತ್ತದೆ, ಅಂದರೆ ಅದೇ 63 ಕೆ.ವಿ.ಎ. ಟಿ.ಸಿ. 47 ಕಿಲೋವ್ಯಾಟ್ ಬದಲು 60 ಕಿಲೋವ್ಯಾಟ್‌ನಷ್ಟು ಕೆಲಸಕ್ಕೆ ಒದಗುತ್ತದೆ. ಎರಡನೆಯದು, ವಿದ್ಯುತ್ ಬಂದೊಡನೆ ಮೋಟಾರನ್ನು ತಾನಾಗಿ ಚಾಲೂ ಮಾಡುವ ಆಟೊ ಸ್ಟಾರ್ಟರ್‌ಗೆ ಸಂಬಂಧಿಸಿದ್ದು. ತ್ರೀ ಫೇಸ್ ಬಂದ ಕ್ಷಣವೇ ಎಲ್ಲ ಮೋಟಾರುಗಳೂ ಒಟ್ಟಿಗೆ ಎದ್ದರೆ, ನೇರವಾಗಿ ಚಾಲೂ ಆಗುವ ಪ್ರತಿಯೊಂದೂ ತನ್ನ ಮಾಮೂಲಿ ಕರೆಂಟಿನ ಐದಾರು ಪಟ್ಟನ್ನು ಕೆಲವು ಸೆಕೆಂಡು ಎಳೆಯುತ್ತದೆ, ಆ ಏಟನ್ನು ಟಿ.ಸಿ. ದಿನವೂ ತಿನ್ನುತ್ತದೆ. ರಾತ್ರಿ ಹಾವು ಚೇಳಿನ ನಡುವೆ ಹೊಲಕ್ಕೆ ಹೋಗುವವರಿಗೆ ಆಟೊ ಸ್ಟಾರ್ಟರ್ ಬೇಡ ಎನ್ನುವ ಧೈರ್ಯ ನನಗಿಲ್ಲ; ಒಂದೊಂದಕ್ಕೆ ಒಂದೊಂದು ನಿಮಿಷ ತಡವಾಗಿ ಏಳುವಂತೆ ಟೈಮರ್ ಇಟ್ಟುಕೊಂಡರೆ ಸಾಕು. ಫ್ಯೂಸ್ ಹಾಕಲು ತಾವೇ ಕಂಬ ಹತ್ತುವ ಸಾಹಸವನ್ನು ಮಾತ್ರ ಯಾರೂ ಮಾಡಬಾರದು.

ವಿದ್ಯುತ್ ಸರಬರಾಜು ಮಾಡುವವರಲ್ಲಿ ನನ್ನ ಕೋರಿಕೆ ಒಂದೇ. ಸುಟ್ಟ ಟಿ.ಸಿ. ಇದ್ದಲ್ಲಿ ಹೊಸದನ್ನು ಕೂರಿಸಿದ ದಿನವೇ ಟಾಂಗ್ ಟೆಸ್ಟರ್ (ತಂತಿಯನ್ನು ಕತ್ತರಿಸದೆ, ಇಕ್ಕಳದಂತೆ ಸುತ್ತ ಹಿಡಿದು ಕರೆಂಟು ಅಳೆಯುವ ಮೀಟರ್) ಹಾಕಿ ಮೂರೂ ಫೇಸ್‌ಗಳ ಮತ್ತು ನ್ಯೂಟ್ರಲ್‌ನ ಕರೆಂಟು ಅಳೆದು, ಆ ನಾಲ್ಕು ಅಂಕಿಗಳನ್ನು ನಾಮಫಲಕದ ಅಂಕಿಯ ಪಕ್ಕದಲ್ಲೇ, ದಿನಾಂಕ ಸಹಿತ, ಟಿ.ಸಿ. ಕಂಬದ ಫಲಕದ ಮೇಲೆ ಕನ್ನಡದಲ್ಲಿ ಬರೆಯಿಸಬೇಕು. ಇದಕ್ಕೆ ಹೊಸ ಯೋಜನೆಯಾಗಲಿ ಅನುದಾನವಾಗಲಿ ಬೇಕಿಲ್ಲ. ಟಾಂಗ್ ಟೆಸ್ಟರ್ ಪ್ರತಿ ಶಾಖೆಯಲ್ಲೂ ಇರಬೇಕಾದ ಉಪಕರಣ. ಮಿತಿ 84 ಇರುವಲ್ಲಿ ಒಂದು ಫೇಸ್ 110 ತೋರಿಸಿ ಇನ್ನೊಂದು 50 ತೋರಿಸಿದರೆ, ಅಲ್ಲಿ ಬೇಕಾದದ್ದು ಹೊರೆಯ ಮರುಹಂಚಿಕೆ, ಹೊಸ ಟಿ.ಸಿ. ಅಲ್ಲ, ಮೂರೂ 110 ತೋರಿಸಿದರೆ ಹೆಚ್ಚುವರಿ ಟಿ.ಸಿ.ಗೆ ರೈತರು ಕೊಡುವ ಅರ್ಜಿಯನ್ನು ಯಾವ ಕಚೇರಿಯೂ ತಳ್ಳಿಹಾಕಲಾಗದು. ಅಳತೆಯನ್ನು ಬೆಳೆಗೆ ನೀರು ಬಿಡುವ ತಿಂಗಳುಗಳಲ್ಲಿ, ತ್ರೀ ಫೇಸ್ ಕೊಡುವ ಅವಧಿಯ ನಡುವೆ, ಎಲ್ಲ ಪಂಪ್‌ಸೆಟ್‌ಗಳೂ ಓಡುತ್ತಿರುವಾಗ ತೆಗೆಯಬೇಕು. ಮಳೆಗಾಲದಲ್ಲಿ ಬಂದು ಅಳೆದುಕೊಂಡು ಹೋದರೆ ಎಲ್ಲ ಟಿ.ಸಿ.ಗಳೂ ಸರಿಯಾಗಿಯೇ ಕಾಣುತ್ತವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಐ.ಟಿ.ಐ. ಬೋಧಕ,
ಚನ್ನಗಿರಿ ತಾಲ್ಲೂಕು, ದಾವಣಗೆರೆ ಜಿಲ್ಲೆ