ಯಾವ ಮುಖ ಇಟ್ಟುಕೊಂಡು ಹೋಗಲಿ ಅಂತ ಕೇಳಿದ್ದೀಯ

ಜಗಳೂರು

ಚಿ. ಕಾವ್ಯಳಿಗೆ ನಿನ್ನ ಮಾವನ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದು ಬೇಡ. ಹೊಲದ ಮಣ್ಣು ಉಳಿಸಿಕೊಳ್ಳಿ ಅಂತ ರೈತರಿಗೆ ಹೇಳುವ ನಿನ್ನ ಕೆಲಸದ ಬಗ್ಗೆ ಬರೆದಿದ್ದೆಯಲ್ಲ, ಆ ಕಾಗದದ ಕೊನೆಗೆ ಒಂದು ಮಾತಿತ್ತು. "ರೈತರು ನನ್ನನ್ನು ನಂಬಿ ಸಾಲ ಮಾಡಿ ಬದು ಹಾಕಿಸಿ, ಆಮೇಲೆ ಸಹಾಯಧನ ಬರದೇ ಹೋದರೆ ಯಾವ ಮುಖ ಇಟ್ಟುಕೊಂಡು ಆ ಊರಿಗೆ ಹೋಗಲಿ ಮಾವ?" ಅದನ್ನು ಓದಿದಾಗಿನಿಂದ ಮನಸ್ಸು ನೆಟ್ಟಗಿಲ್ಲ.

ಬರದೇ ಹೋಗಬಹುದು. ಬಂದೇ ಬರುತ್ತೆ ಬಿಡು ಅಂತ ಸುಮ್ನೆ ಧೈರ್ಯ ಹೇಳಲಾರೆ.

ನಮ್ಮ ಕೆಳಗಿನ ಹೊಲದ ಬದು ಇದೆಯಲ್ಲ, ನೀನು ಚಿಕ್ಕವಳಿದ್ದಾಗ ಅದರ ಮೇಲೆ ಓಡಾಡಿದ್ದೀಯ. ಅದು ಹೇಗೆ ಬಂತು ಅಂತ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ನಾನು ಪಿಯುಸಿ ಓದುವಾಗ ಸೈಕಲ್ ಮೇಲೆ ಒಬ್ಬ ಹುಡುಗ ಬರುತ್ತಿದ್ದ. ಇಳಿಜಾರಿಗೆ ಅಡ್ಡವಾಗಿ ಬದು ಹಾಕಿ, ಖರ್ಚು ಸರ್ಕಾರದಿಂದ ಬರುತ್ತೆ ಅಂದ. ನಿಮ್ಮಜ್ಜ ಎರಡು ಕುರಿ ಮಾರಿ ಆಳು ಹಚ್ಚಿದರು. ದುಡ್ಡು ಬರಲಿಲ್ಲ. ಯಾಕೆ ಅಂತ ಗೊತ್ತಾಗಲೂ ಇಲ್ಲ. ಆ ಹುಡುಗ ನಮ್ಮ ಬೀದಿಗೆ ಬರುವುದನ್ನೇ ಬಿಟ್ಟ. ಊರಿಗೆ ಬಂದರೂ ಗುಡಿ ಹಿಂದಿನ ಓಣಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ. ಕುರಿ ಹೋದದ್ದನ್ನು ಅಜ್ಜ ಮರೆತರು. ಆ ಓಣಿಯನ್ನು ಮಾತ್ರ ಕೊನೇವರೆಗೂ ಆಡಿಕೊಂಡರು. "ಬರಲಿಲ್ಲ ಯಜಮಾನ್ರೇ ಅಂತ ಒಂದು ಮಾತು ಹೇಳಿದ್ರೆ ನಾನೇನು ನುಂಗಿಬಿಡ್ತಿದ್ನಾ?" ಅನ್ನುತ್ತಿದ್ದರು.

ಬದು ಇವತ್ತಿಗೂ ನಿಂತಿದೆ. ಮಳೆಗೆ ಹಳ್ಳಕ್ಕೆ ಹೋಗುತ್ತಿದ್ದ ಮೇಲ್ಮಣ್ಣು ಅಲ್ಲೇ ತಡೆದು, ಬದುವಿನ ಒಳಬದಿಗೆ ತೊಗರಿ ಆಳೆತ್ತರ ಬರುತ್ತೆ. ಎಷ್ಟೋ ವರ್ಷದ ಮೇಲೆ ಆ ಮನುಷ್ಯ ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಕಂಡ. ತಲೆ ನರೆತಿತ್ತು. ನಿನ್ನ ಬದು ಗಟ್ಟಿಯಾಗಿದೆ ಮಾರಾಯ ಅಂತ ಹೇಳಬೇಕು ಅನ್ನಿಸಿತು. ಅಷ್ಟರಲ್ಲಿ ಬಸ್ ಬಂತು, ಹತ್ತಿಬಿಟ್ಟೆ. ಈಗಲೂ ಅದು ಚುಚ್ಚುತ್ತೆ.

ನಿನಗೆ ಬುದ್ಧಿ ಹೇಳುವಷ್ಟು ನಾನು ಓದಿದವನಲ್ಲ. ಆದರೂ ಒಂದೆರಡು ಮಾತು. ಸರ್ಕಾರದ ದುಡ್ಡಿನ ಹಂಗಿಲ್ಲದ ಕೆಲಸ ಮೊದಲು ಹಿಡಿಯಬಾರದಾ? ನಿಮ್ಮ ಚಳ್ಳಕೆರೆ ಕಡೆ ಶೇಂಗಾ ಜಾಸ್ತಿ. ಗಿಡ ಬೇರು ಸಮೇತ ಕೀಳುತ್ತಾರೆ, ಕಾಯಿ ಮಾರಾಟಕ್ಕೆ, ಹೊಟ್ಟು ಬೇರೆಯವರ ದನಕ್ಕೆ. ಹೊಲಕ್ಕೆ ಏನು ಉಳಿಯಿತು? ಮೊದಲು ಆ ಹೊಟ್ಟೇ ಎತ್ತಿನ ಸಗಣಿಯಾಗಿ ತಿಪ್ಪೆ ಸೇರಿ ಹೊಲಕ್ಕೆ ವಾಪಸ್ ಬರುತ್ತಿತ್ತು. ಈಗ ಕೊಟ್ಟಿಗೆಯಲ್ಲಿ ಎತ್ತೇ ಇಲ್ಲ. ಬೇಸಿಗೆಯಲ್ಲಿ ನಾಲ್ಕು ರಾತ್ರಿ ಗೊಬ್ಬರಕ್ಕೆ ಅಂತ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಲಿ. ಶೇಂಗಾದಲ್ಲಿ ನಡುನಡುವೆ ತೊಗರಿ ಸಾಲು, ಅಂದರೆ ಅಕ್ಕಡಿ ಬಿಡಲಿ, ಅದರ ಎಲೆಯಾದರೂ ನೆಲಕ್ಕೆ ಉದುರುತ್ತೆ. ಇದಕ್ಕೆ ಯಾವ ಅರ್ಜಿಯೂ ಬೇಡ, ಅಲ್ವಾ?

ಮಣ್ಣು ಪರೀಕ್ಷೆ ವಿಚಾರ ನಿನಗೇ ಚೆನ್ನಾಗಿ ಗೊತ್ತು. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿಗೆ ಒಣಭೂಮಿಯಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ ತೆಗೆಯುತ್ತಿದ್ದರು. ಅಂದರೆ ಪಕ್ಕದವರ ಹೊಲದ ಲೆಕ್ಕ ನಿನ್ನ ರೈತರ ಕೈಯಲ್ಲಿರಬಹುದು. ರೈತರು ತಾವೇ ಅಂಕುಡೊಂಕಾಗಿ ನಡೆದು ಅಲ್ಲಲ್ಲಿ 15 ಸೆಂ.ಮೀ. ಆಳಕ್ಕೆ ಮಣ್ಣು ತೆಗೆದು ಬೆರೆಸಲಿ. ಮರದ ಬುಡ, ತಿಪ್ಪೆ ಪಕ್ಕದ್ದು ಬೇಡ. ನೆರಳಲ್ಲಿ ಒಣಗಿಸಿ ಅರ್ಧ ಕೆ.ಜಿ. ರೈತ ಸಂಪರ್ಕ ಕೇಂದ್ರಕ್ಕೆ ಕೊಟ್ಟರಾಯಿತು. ತಮ್ಮ ಕೈಯಾರೆ ತೆಗೆದ ಮಣ್ಣಿನ ಮಾತನ್ನು ಅವರು ನಂಬುತ್ತಾರೆ.

ಮತ್ತೆ ನಿನ್ನ ಭಯಕ್ಕೇ ಬರುತ್ತೇನೆ. ಸಹಾಯಧನ ಬಹಳ ಸಲ ಕೆಲಸ ಮುಗಿದ ಮೇಲೆಯೇ ಬರುವುದು. ಇದನ್ನು ಮೊದಲ ದಿನವೇ ಹೇಳಿಬಿಡು, ಯಾವ ತಿಂಗಳು ಬರುತ್ತೆ ಅಂತ ಮಾತ್ರ ಹೇಳಬೇಡ. ಮಂಜೂರಾತಿ ಕೈಗೆ ಬರುವ ತನಕ ಗುದ್ದಲಿ ಹಿಡಿಯಬೇಡಿ ಅನ್ನು. ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ. ಇಷ್ಟಾದರೂ ತಪ್ಪಿದರೆ, ನೀನು ಅದೇ ಬೀದಿಯಲ್ಲಿ ಹೋಗಬೇಕು ಕಣಮ್ಮ. ಬೈಯುತ್ತಾರೆ. ಬೈಸಿಕೊಂಡು ಒಂದು ಲೋಟ ಟೀ ಕುಡಿದು ಬಾ.

ಇನ್ನೊಂದು ಮರೆತಿದ್ದೆ. ನಮ್ಮ ಕಡೆ ಎಷ್ಟೋ ಪಹಣಿ ಇನ್ನೂ ತೀರಿಕೊಂಡ ಅಜ್ಜಂದಿರ ಹೆಸರಲ್ಲೇ ಇವೆ. ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಬದಲಾವಣೆ ಆಗಿರಲ್ಲ, ಸರ್ಕಾರ ರೈತರಿಗೆ ಕೊಡುವ ನೋಂದಣಿ ಸಂಖ್ಯೆ ಫ್ರೂಟ್ಸ್ ಐಡಿ ಆಗಲ್ಲ, ಅರ್ಜಿ ಅಲ್ಲೇ ಬೀಳುತ್ತೆ. ನೀನು ಬರೆದಿರುವ ಆ ರೈತರ ಪಹಣಿ ಯಾರ ಹೆಸರಲ್ಲಿದೆ? ಮೊದಲು ಅದನ್ನು ನೋಡು, ಬದುವಿನ ಮಾತು ಆಮೇಲೆ.

ಇಂತಿ,
ನಿನ್ನ ಮಾವ