ಮಂಗನ ಕಾಯಿಲೆಯ ವೈರಸ್ ಓದಿಸಿ, ಸ್ವಾಮಿ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಮಾತು ಶುರುವಾಗುತ್ತದೆ. ದರಕು (ಒಣ ಎಲೆ) ತರಲು ಕಾಡಿಗೆ ಹೋದವರಿಗೆ ಉಣುಗು ಕಚ್ಚುತ್ತದೆ, ಜ್ವರ ಏರುತ್ತದೆ. ಆಶಾ ಕಾರ್ಯಕರ್ತೆಯರು ಮೈಗೆ ಹಚ್ಚಿಕೊಳ್ಳಲು ಎಣ್ಣೆ ಕೊಡುತ್ತಾರೆ. ಅದು ನಡೆಯಲಿ. ನಾನು ಕೇಳುತ್ತಿರುವುದು ಲ್ಯಾಬಿನ ಕೆಲಸ: ವೈರಸ್‌ನ ವಂಶವಾಹಿಯನ್ನು ಅಕ್ಷರ ಅಕ್ಷರವಾಗಿ ಓದಿಸುವುದು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗ ವಿಜ್ಞಾನಿಗಳಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಆಗೆಲ್ಲ ವೈರಸ್ ಹಿಡಿಯಲು ರಕ್ತವನ್ನು ಇಲಿಮರಿಗೆ ಚುಚ್ಚಿ, ಅದು ಕಾಯಿಲೆ ಬೀಳುವವರೆಗೆ ಕಾಯಬೇಕಿತ್ತು. ಈಗ ನೇರವಾಗಿ ವೈರಸ್‌ನ ಆರ್‌ಎನ್‌ಎಗೇ, ಅಂದರೆ ಅದರ ವಂಶವಾಹಿ ಬರಹಕ್ಕೇ ಕೈ ಹಾಕಬಹುದು. ಸುಮಾರು 11 ಸಾವಿರ ಅಕ್ಷರಗಳ ಒಂದೇ ಎಳೆ ಅದು. ಅದನ್ನು ಡಿಎನ್‌ಎ ಆಗಿ ನಕಲು ಮಾಡುತ್ತಾರೆ. ಈ ವೈರಸ್‌ಗಷ್ಟೇ ಅಂಟಿಕೊಳ್ಳುವ ಪ್ರೈಮರ್ ಎಂಬ ಪುಟ್ಟ ತುಣುಕು ಸೇರಿಸಿ, ಯಂತ್ರದಲ್ಲಿ ಕಾಯಿಸಿ ಆರಿಸುತ್ತಾರೆ. ಸುತ್ತು ಸುತ್ತಿಗೂ ನಕಲು ಹೆಚ್ಚುಕಮ್ಮಿ ದುಪ್ಪಟ್ಟಾಗುತ್ತದೆ. ಮೂವತ್ತು ನಲವತ್ತು ಸುತ್ತಿಗೆ ಯಂತ್ರ ಗುರುತಿಸುವಷ್ಟು ರಾಶಿ ಬೀಳುತ್ತದೆ. ಕೋವಿಡ್ ಕಾಲದಲ್ಲಿ ನಾವೆಲ್ಲ ಮೂಗು ಒಡ್ಡಿದ್ದು ಇದೇ ಆರ್‌ಟಿಪಿಸಿಆರ್‌ಗೆ. ಆದರೆ ರಕ್ತದಲ್ಲಿ ವೈರಸ್ ಚೆನ್ನಾಗಿ ಸಿಗುವುದು ಜ್ವರದ ಮೊದಲ ದಿನಗಳಲ್ಲಿ. ಸ್ಯಾಂಪಲ್ ಐಸ್ ಡಬ್ಬಿಯಲ್ಲಿ ಬಸ್ಸಿಗೆ ಕಾಯುತ್ತಾ ಕೂತರೆ ಕೆಟ್ಟಿತು.

ಪಿಸಿಆರ್ ಹೇಳುವುದು ಇದೆ ಅಥವಾ ಇಲ್ಲ, ಅಷ್ಟೇ. ಆ 11 ಸಾವಿರ ಅಕ್ಷರವನ್ನೂ ಸಾಲಾಗಿ ಓದಿಸಿದರೆ, ಅಂದರೆ ಸೀಕ್ವೆನ್ಸಿಂಗ್ ಮಾಡಿಸಿದರೆ, ಬೇರೆಯೇ ಕಥೆ. ವೈರಸ್ ನಕಲಾಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಆ ತಪ್ಪು ಮುಂದಿನ ತಲೆಮಾರಿಗೂ ಇಳಿಯುತ್ತದೆ. ಎರಡು ಊರಿನ ವೈರಸ್‌ಗಳಲ್ಲಿ ತಪ್ಪುಗಳು ಹೊಂದಿಕೊಂಡರೆ ನಂಟು ಗೊತ್ತಾಗುತ್ತದೆ. 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಸಿಕ್ಕ ಅಲ್‌ಖುರ್ಮಾ ವೈರಸ್ ನಮ್ಮ ಕ್ಯಾಸನೂರಿನದರ ದಾಯಾದಿ ಎಂಬುದಕ್ಕೆ ಸಾಕ್ಷಿ ಈ ಅಕ್ಷರಗಳೇ. ನಡುವೆ ಒಂದು ಸಮುದ್ರವೇ ಇದೆ, ಅಲ್ವಾ!

2012ರಿಂದ ಈಚೆಗೆ ಕಾಯಿಲೆ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದಲ್ಲೂ ಕಾಣಿಸಿಕೊಂಡಿತು. ಹೊಸದಾಗಿ ಅಲ್ಲಿಗೆ ಹೋಯಿತೋ, ಮೊದಲೇ ಇದ್ದು ಯಾರೂ ಗಮನಿಸಿರಲಿಲ್ಲವೋ? ಸುಮ್ನೆ ಊಹಿಸಿದರೆ ಆಗದು. ಬೇರೆ ಬೇರೆ ಕಾಡಿನ, ಬೇರೆ ಬೇರೆ ವರ್ಷದ ವೈರಸ್ ಅಕ್ಕಪಕ್ಕ ಇಟ್ಟು ನೋಡಬೇಕು. ಲಸಿಕೆಯ ಮಾತಿಗೂ ಇದೇ ಬೇಕು. ಹಳೆಯ ಲಸಿಕೆ ಪರಿಣಾಮ ಸಾಲದೆ ನಿಂತಿದೆ, ಹೊಸದರ ಕೆಲಸ ನಡೆದಿದೆ. ಅಕ್ಷರ ಬದಲಾದ ಮಾತ್ರಕ್ಕೆ ಲಸಿಕೆ ಸೋಲುತ್ತದೆ ಎಂದಲ್ಲ. ಆದರೆ ಹೊರಕವಚದ ಇ ಪ್ರೊಟೀನ್ ಬರೆಯುವ ಭಾಗದಲ್ಲಿ ಬದಲಾವಣೆ ಕಂಡರೆ ಕೂಡಲೇ ಪರೀಕ್ಷಿಸಬೇಕಾಗುತ್ತದೆ.

ಹಾಗಾಗಿ ಕೇಳುವುದಿಷ್ಟು. ಪ್ರತಿ ಸೀಸನ್‌ನಲ್ಲೂ ಕಾಯಿಲೆ ಕಂಡ ಪ್ರತಿ ತಾಲ್ಲೂಕಿನಿಂದ ರೋಗಿಗಳ, ಸತ್ತ ಮಂಗಗಳ, ಉಣುಗುಗಳ ಸ್ಯಾಂಪಲ್ ಸೀಕ್ವೆನ್ಸಿಂಗ್ ಆಗಲಿ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆ ಕೋವಿಡ್‌ನಲ್ಲಿ ಇದೇ ಕೆಲಸ ಮಾಡಿವೆ, ಕೈ ಪಳಗಿದವರು ರಾಜ್ಯದಲ್ಲೇ ಇದ್ದಾರೆ. ರೋಗಿಯ ಹೆಸರು ಬೇಡ. ತಾಲ್ಲೂಕು, ತಿಂಗಳು ಹಾಕಿ ಫಲಿತಾಂಶ ಎಲ್ಲರಿಗೂ ಸಿಗುವಂತೆ ಇಡಿ. ಮುಂದಿನ ಬಜೆಟ್ಟಿನಲ್ಲಿ ಇದಕ್ಕೊಂದು ಸಾಲು ಬರಲಿ.

ಇಂತಿ,
ಮಲೆನಾಡಿನ ಒಬ್ಬ ಅಡಿಕೆ ಬೆಳೆಗಾರ